ಕೂತು ಗೆಲ್ಲಿಸಿದವನು

"ನಿನಗೆ ಎದ್ದೇಳು ಅಂತ ಯಾರು ಹೇಳಿದ್ರು? ಯಾರು ಹೇಳಿದ್ರು ಅಂತ ಕೇಳ್ತಿದೀನಿ!"

"ಒಂದಕ್ಕೆ ಬಂದ್ರೆ ಏನು ಮಾಡ್ಲಿ? ಬೆಂಚಿನ ಮೇಲೇ ಬಿಟ್ಕೊಳ್ಲಾ?"

"ಬಿಟ್ಕೊಳ್ಬೇಕಿತ್ತು! ಚಡ್ಡಿ ಆದ್ರೆ ಒಗೀಬಹುದು. ಗೋಲನ್ನ ಒಗೆಯೋಕಾಗತ್ತಾ?"

ವಿರಾಮದ ಹೊತ್ತು ಅದು. ಪರದೇಶದ ಒಂದು ದೊಡ್ಡ ಕ್ರೀಡಾಂಗಣದ ಅಡಿಯಲ್ಲಿದ್ದ ಡ್ರೆಸ್ಸಿಂಗ್ ರೂಮು. ನಾವು ಒಂದು ಗೋಲು ಹಿಂದಿದ್ದೆವು. ಆಡಿ ಬಂದ ಹನ್ನೊಂದು ಜನ ಬೆವರು ಸುರಿಸುತ್ತಾ, ನೀರಿನ ಬಾಟಲಿ ಬಾಯಿಗಿಟ್ಟುಕೊಂಡು, ಎರಡನೆಯ ಅವಧಿಗೆ ಏನು ಮಾಡಬೇಕೆಂದು ಕೋಚ್ ಹೇಳಲಿ ಅಂತ ಕಾಯುತ್ತಿದ್ದರು. ಕೋಚ್ ಅವರ ಕಡೆ ಮುಖವನ್ನೂ ತಿರುಗಿಸಿರಲಿಲ್ಲ. ಎದುರಾಳಿಗಳ ಹತ್ತನೇ ನಂಬರಿನವನನ್ನು ಯಾರು ಹಿಡಿಯಬೇಕು, ಬಲಗಡೆ ಬಿದ್ದಿರುವ ಸಂದನ್ನು ಯಾರು ಮುಚ್ಚಬೇಕು, ಇದ್ಯಾವುದೂ ಅವರಿಗೆ ಬೇಕಿರಲಿಲ್ಲ. ಅಂಕಣಕ್ಕೆ ಕಾಲೇ ಇಡದ ನನ್ನನ್ನು ಹಿಡಿದು ಜಾಡಿಸುತ್ತಿದ್ದರು.

"ನಾನು ಎದ್ದಿದ್ದಕ್ಕೂ ಅವನು ಗೋಲು ಹೊಡೆದಿದ್ದಕ್ಕೂ ಏನು ಸಂಬಂಧ ಭಾವ? ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ."

"ಭಾವ ಅನ್ಬೇಡ! ಇಲ್ಲಿ ಸಾರ್!"

"ಸರಿ ಸಾರ್. ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಸಾರ್."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಕೋಚ್ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು.

ಕೋಚ್ ನನ್ನ ಅಕ್ಕನ ಗಂಡ. ಒಂದು ಕಾಲದಲ್ಲಿ ಇಬ್ಬರೂ ವಿದ್ಯುತ್ ಇಲಾಖೆಯ ಫುಟ್‌ಬಾಲ್ ತಂಡಕ್ಕೆ ಆಡುತ್ತಿದ್ದೆವು. ಅವರು ಹಿಂದಿನ ಸಾಲಿನವರು, ನಾನು ಗೋಲ್‌ಕೀಪರ್. ರಜಾದಿನ ನಮ್ಮ ಮನೆಯ ಹಿತ್ತಿಲಿಗೆ ಬಂದು ನನಗೆ ಅಭ್ಯಾಸ ಮಾಡಿಸುತ್ತಿದ್ದರು. ಒಂದು ಸಲ ಅವರು ಹೊಡೆದ ಚೆಂಡು ನನ್ನನ್ನು ದಾಟಿಕೊಂಡು ಹೋಗಿ ಅಕ್ಕ ಒಗೆದು ಹರವಿದ್ದ ಬಟ್ಟೆಯ ಮೇಲೆ ಬಿತ್ತು. ಅಕ್ಕ ಬೈಯಲು ಬಂದವಳು ಬೈದು ಮುಗಿಸುವಷ್ಟರಲ್ಲಿ ನಕ್ಕಿದ್ದಳು. ಮುಂದಿನ ವರ್ಷ ಮದುವೆ. ನನ್ನ ಜೀವನದಲ್ಲಿ ಬಿಟ್ಟುಕೊಟ್ಟ ಗೋಲುಗಳಲ್ಲಿ ಅದರಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ.

ನಾನು ದೇಶದ ತಂಡದ ಎರಡನೇ ಗೋಲ್‌ಕೀಪರ್. ಹನ್ನೊಂದು ವರ್ಷದಿಂದ ಎರಡನೆಯವನೇ. ಬೇರೆ ಜಾಗದ ಬದಲಿ ಆಟಗಾರರಿಗೆ ಒಂದು ಆಸೆಯಾದರೂ ಇರುತ್ತದೆ. ಆಡುತ್ತಿರುವವನಿಗೆ ಉಸಿರು ಕಟ್ಟುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ಇವನನ್ನು ಕಳಿಸುತ್ತಾರೆ. ಗೋಲ್‌ಕೀಪರನಿಗೆ ಎಂಥ ಸುಸ್ತು? ಅವನ ಕೈಯೋ ಕಾಲೋ ಮುರಿಯಬೇಕು. ಮುರಿಯಲಿ ಅಂತ ಬಯಸುವ ಹಾಗೂ ಇಲ್ಲ, ಯಾಕೆಂದರೆ ಅವನು ನಮ್ಮ ರೂಮಿನಲ್ಲೇ ಮಲಗುತ್ತಾನೆ, ನಮ್ಮ ಪೇಸ್ಟಿನಲ್ಲೇ ಹಲ್ಲುಜ್ಜುತ್ತಾನೆ, ಬೆಳಗ್ಗೆ ಎದ್ದು "ಅಣ್ಣ, ಚೆನ್ನಾಗಿ ನಿದ್ದೆ ಬಂತಾ?" ಅಂತ ಕೇಳುತ್ತಾನೆ. ನಮ್ಮ ಮೊದಲನೇ ಗೋಲ್‌ಕೀಪರನ ಅಡ್ಡಹೆಸರು ಏಣಿ. ಆರಡಿ ಮೇಲೆ ಎಷ್ಟೋ ಇದ್ದ. ಒಳ್ಳೆಯವನು. ಅದೇ ಕಷ್ಟ. ಕೆಟ್ಟವನಾಗಿದ್ದರೆ ಒಂದು ಸಲವಾದರೂ ಮನಸಾರೆ ಶಪಿಸಬಹುದಿತ್ತು.

ನನಗೆ ಮೂವತ್ತೆಂಟು ವರ್ಷ. ಇಲಾಖೆಯ ತಂಡಕ್ಕೆ ಆಡಿದ ಪಂದ್ಯಗಳಿಗೆ ಲೆಕ್ಕವಿಲ್ಲ, ಆದರೆ ದೇಶದ ಅಂಗಿ ತೊಟ್ಟು ಆ ಎರಡು ಕಂಬಗಳ ನಡುವೆ ಒಂದು ಸಲವೂ ನಿಂತಿರಲಿಲ್ಲ. ಈ ಪಂದ್ಯಾವಳಿ ಮುಗಿದ ಮೇಲೆ ಸಾಕು ಅಂತ ಮನೆಯಲ್ಲೂ ಫುಟ್‌ಬಾಲ್ ಸಂಘದಲ್ಲೂ ಹೇಳಿಯಾಗಿತ್ತು. ನನಗೆ ಬೇಕಿದ್ದುದು ಒಂದು ಪಂದ್ಯ. ಗೆಲ್ಲಲಿ, ಸೋಲಲಿ, ಐದು ಗೋಲು ಬೀಳಲಿ, ನನ್ನ ಮೇಲೆ ಬೀಳಲಿ. ಜನ ಮಾತ್ರ "ಇವನು ಭಾವನ ಬಾಲ ಹಿಡಿದು ತಂಡಕ್ಕೆ ಬಂದವನು" ಅನ್ನುತ್ತಿದ್ದರು. ಭಾವ ಕೋಚ್ ಆಗಿ ಬಂದದ್ದು ಎರಡು ವರ್ಷದ ಹಿಂದೆ. ಅದಕ್ಕೆ ಮೊದಲಿನ ಕೋಚ್‌ಗಳು ನನ್ನನ್ನು ಆಡಿಸದಿದ್ದುದಕ್ಕೆ ಕಾರಣ ಏಣಿ. ಭಾವ ಆಡಿಸದಿದ್ದುದಕ್ಕೆ ಕಾರಣ ಭಾವನೇ. ಹೆಂಡತಿಯ ತಮ್ಮನನ್ನು ಆಡಿಸಿದರೆ ನಾಲ್ಕು ಜನ ಏನಂದಾರು ಅಂತ ಅವರಿಗೆ ಹೆದರಿಕೆ.

ಹೆದರಿಕೆ ವಿಷಯಕ್ಕೆ ಬಂದರೆ ಭಾವ ಹೆದರದೇ ಇರುವ ವಸ್ತುವೇ ಇಲ್ಲ. ಬಸ್ಸಿಗೆ ಎಡಗಾಲಿಟ್ಟು ಹತ್ತಿದವನನ್ನು ಇಳಿಸಿ ಮತ್ತೆ ಹತ್ತಿಸುತ್ತಾರೆ. ಪಂದ್ಯದ ದಿನ ಕ್ಷೌರ ಮಾಡಿಕೊಂಡವನನ್ನು ಕೊಲೆ ಮಾಡಿದವನ ಹಾಗೆ ನೋಡುತ್ತಾರೆ. ನಮ್ಮ ದೇಶ ಇಂಥ ಪಂದ್ಯಾವಳಿಗೆ ಬಂದದ್ದೇ ಮೊದಲ ಸಲ. ಮೊದಲ ಪಂದ್ಯದಲ್ಲಿ ನಮಗೆ ಸಿಕ್ಕಿದವರು ಎಂಥವರೆಂದರೆ, ನಮ್ಮ ಸಂಘದ ಅಧ್ಯಕ್ಷರೇ ಹಿಂದಿನ ದಿನ ಊಟದ ಮೇಜಿನಲ್ಲಿ ಎದ್ದು ನಿಂತು, "ನಾಲ್ಕಕ್ಕಿಂತ ಜಾಸ್ತಿ ಗೋಲು ಬಿಡದ ಹಾಗೆ ನೋಡಿಕೊಳ್ಳಿ, ದೇಶದ ಮಾನ ನಿಮ್ಮ ಕೈಯಲ್ಲಿದೆ" ಅಂತ ಹುರಿದುಂಬಿಸಿದ್ದರು.

ಆ ದಿನ ನಾನು ಬೆಂಚಿನ ಎಡತುದಿಯ ಸೀಟಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ನೀರಿನ ಬಾಟಲಿಗಳ ಪೆಟ್ಟಿಗೆ. ನನ್ನ ಬಲಮಂಡಿ ಹಳೆಯ ನೋವಿನದು, ಮಡಚಿ ಕೂತರೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಆ ಕಾಲನ್ನು ಪೆಟ್ಟಿಗೆಯ ಮೇಲಿಟ್ಟೆ. ಬಿಸಿಲಿತ್ತು, ಟವೆಲನ್ನು ತಲೆಯ ಮೇಲೆ ಹೊದ್ದುಕೊಂಡೆ. ಇಷ್ಟು ದೂರ ಬಂದರೂ ಕೂರುವುದೇ ತಾನೆ ಅಂತ ಸಿಟ್ಟಿತ್ತು. ಸಿಟ್ಟಿನಲ್ಲಿ ಕಲ್ಲಿನ ಹಾಗೆ ಅಲ್ಲಾಡದೆ ಕೂತುಬಿಟ್ಟೆ. ಏಣಿ ಮೈಮೇಲೆ ದೇವರು ಬಂದವನ ಹಾಗೆ ಹಾರಿ ಹಾರಿ ಚೆಂಡು ಹಿಡಿದ. ನಮ್ಮ ಮುಂದಿನ ಸಾಲಿನವನೊಬ್ಬ ಎಡವಿ ಬಿದ್ದಾಗ ಚೆಂಡು ಅವನ ಬೆನ್ನಿಗೆ ತಾಗಿ ಗೋಲಾಯಿತು. ಒಂದಕ್ಕೆ ಸೊನ್ನೆ. ಗೆದ್ದೆವು.

ಎಲ್ಲರೂ ಏಣಿಯನ್ನು ಎತ್ತಿಕೊಂಡು ಕುಣಿದರು. ಭಾವ ಮಾತ್ರ ನನ್ನ ಹತ್ತಿರ ಬಂದರು.

"ಏಳ್ಬೇಡ. ಹಾಗೇ ಇರು. ಎಲ್ಲಿ, ಟವೆಲು ಹೇಗಿತ್ತು? ಕಿವಿ ಮುಚ್ಚಿತ್ತಾ?"

"ಏನು ಭಾವ?"

"ಇಡೀ ಪಂದ್ಯ ಹೀಗೇ ಕೂತಿದ್ಯಲ್ಲ?"

"ಇನ್ನೇನು ಮಾಡ್ಲಿ, ನೀವು ಕುಣಿಯೋಕೆ ಕರೀಲಿಲ್ವಲ್ಲ."

ಅವರು ಫೋನು ತೆಗೆದು ನನ್ನ ಫೋಟೊ ಹಿಡಿದುಕೊಂಡರು. ಮುಂದಿನಿಂದ ಒಂದು, ಪಕ್ಕದಿಂದ ಒಂದು. ಪೊಲೀಸರು ಕಳ್ಳನದ್ದು ಹಿಡಿಯುವ ಹಾಗೆ.

ಎರಡನೇ ಪಂದ್ಯಕ್ಕೆ ಆ ಫೋಟೊ ನೋಡಿಕೊಂಡು ನನ್ನನ್ನು ಕೂರಿಸಲಾಯಿತು. ಕ್ರೀಡಾಂಗಣ ಬೇರೆ, ಮೋಡ ಕವಿದಿತ್ತು, ಆದರೂ ತಲೆಯ ಮೇಲೆ ಟವೆಲು. ಅಲ್ಲಿನ ಪೆಟ್ಟಿಗೆ ಸ್ವಲ್ಪ ಎತ್ತರವಿತ್ತು, ಅದಕ್ಕೆ ತಂಡದ ಬಟ್ಟೆ ನೋಡಿಕೊಳ್ಳುವವನು ಮೊದಲನೇ ಪಂದ್ಯದ ಪೆಟ್ಟಿಗೆಯನ್ನೇ ಹೋಟೆಲಿನಿಂದ ಹೊತ್ತು ತಂದ. ಅಂಕಣಕ್ಕೆ ಇಳಿಯುವ ಮೊದಲು ಆಟಗಾರರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಬಲಮಂಡಿಯನ್ನು ತಟ್ಟಿಹೋದರು. ನೋವಿರುವ ಮಂಡಿ. ಹನ್ನೊಂದು ಜನ ತಟ್ಟುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ನಾಯಕ, "ಅಣ್ಣನಿಗೆ ದೇಶದ ಮೇಲೆ ಎಷ್ಟು ಪ್ರೀತಿ ನೋಡ್ರೋ" ಅಂದ.

ಆಮೇಲೆ ಒಂದಕ್ಕೆ ಬಂತು. ತಡೆದೆ. ತಡೆಯಲಾಗಲಿಲ್ಲ. ಎದ್ದು ಹೋದೆ. ಹೊರಗೆ ಜನ ಕೂಗಿದ್ದು ಗೋಡೆಯಾಚೆಯಿಂದ ಕೇಳಿಸಿತು. ಗೋಲು ನಮ್ಮ ಮೇಲೆ ಬಿದ್ದಿತ್ತು. ಅಷ್ಟಕ್ಕೇ ಡ್ರೆಸ್ಸಿಂಗ್ ರೂಮಿನ ಆ ರಂಪ.

ರಂಪ ಮುಗಿಸಿ ಎರಡನೆಯ ಅವಧಿಗೆ ನನ್ನನ್ನು ಮತ್ತೆ ಕೂರಿಸಿದರು. ನನ್ನ ಗ್ರಹಚಾರ, ಕೊನೆಯ ಹೊತ್ತಿಗೆ ನಾವೂ ಒಂದು ಗೋಲು ಹೊಡೆದೆವು. ಪಂದ್ಯ ಸಮ. ಇನ್ನು ಯಾವ ಪುರಾವೆ ಬೇಕು? ಎದ್ದಾಗ ಬಿತ್ತು, ಕೂತಾಗ ಹೊಡೆದೆವು. ಬಸ್ಸಿನಲ್ಲಿ ಭಾವ ನನ್ನ ಪಕ್ಕ ಕೂತು, ಕೈ ಹಿಡಿದುಕೊಂಡು, "ಕೋಪ ಮಾಡ್ಕೋಬೇಡ ಕಣೋ. ಬಾಯಿ ಸ್ವಲ್ಪ ಜೋರು ನಂದು" ಅಂದರು. ಮದುವೆಯಾದಂದಿನಿಂದ ಅವರು ನನ್ನ ಹತ್ತಿರ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ.

ನಮ್ಮ ಗುಂಪಿನಲ್ಲಿ ಮೊದಲು ಬಂದ ತಂಡಕ್ಕೆ ಮಾತ್ರ ಮುಂದಿನ ದಾರಿ. ಮೂರನೇ ಪಂದ್ಯ ಗೆದ್ದರೆ ಮುಂದಿನ ಸುತ್ತು. ಸೋತರೂ ಸಮ ಆದರೂ ಊರಿನ ವಿಮಾನ. ಅಂದಿನಿಂದ ಹೋಟೆಲಿನಲ್ಲಿ ನನಗೆ ನಡೆದ ಉಪಚಾರ ಬಾಣಂತಿಗೂ ನಡೆಯುವುದಿಲ್ಲ. ಕಿಟಕಿ ತೆರೆಯಲು ಬಾರದ ರೂಮುಗಳು ಅವು. ನನಗೆ ಗಾಳಿ ಬೇಕೆಂದು ನನ್ನನ್ನೂ ಏಣಿಯನ್ನೂ ಲಿಫ್ಟಿನ ಹತ್ತಿರದ ದೊಡ್ಡ ರೂಮಿಗೆ ಹಾಕಿದರು. ಮೈ ತಿಕ್ಕುವವನು ಆಡಿದವರ ತೊಡೆಗಳನ್ನು ಬಿಟ್ಟು ಮೊದಲು ನನ್ನ ಸೊಂಟ ತಿಕ್ಕಿದ, ತುಂಬ ಹೊತ್ತು ಕೂರಬೇಕಲ್ಲ ಅಂತ. ಡಾಕ್ಟರು ಎಲ್ಲರಿಗೂ ನೀರು ಕುಡಿಯಿರಿ, ನೀರು ಕುಡಿಯಿರಿ ಅಂತ ಬಾಟಲಿ ಹಂಚುತ್ತಾ ಬಂದವರು ನನ್ನ ಮುಂದೆ ನಿಂತು ಬಾಟಲಿ ಹಿಂದಕ್ಕೆ ಎಳೆದುಕೊಂಡರು.

"ನಿಮಗೆ ಬೇಡ. ಪಂದ್ಯದ ದಿನ ಬೆಳಗ್ಗೆಯಿಂದ ಒಂದು ಹನಿ ಮುಟ್ಟಬೇಡಿ."

"ಡಾಕ್ಟರೇ, ನೀವು ಓದಿದ್ದು ಎಲ್ಲಿ?"

"ನಾನು ಓದಿದ್ದು ಬೇರೆ. ಕೋಚ್ ಹೇಳಿದ್ದು ಇದು."

ಅಧ್ಯಕ್ಷರು ತಿಂಡಿಯ ಕೋಣೆಯಲ್ಲಿ ಎಲ್ಲರೆದುರು ನನ್ನ ಭುಜ ತಟ್ಟಿ, "ನೀನು ಸರಿಯಾಗಿ ಕೂತ್ಕೋಪ್ಪ, ಉಳಿದದ್ದು ಹುಡುಗರು ನೋಡ್ಕೋತಾರೆ" ಅಂದರು. ನನ್ನ ತಟ್ಟೆಯಲ್ಲಿದ್ದ ಬೇಯಿಸಿದ ಮೊಟ್ಟೆಯನ್ನು ಅವರ ಹಣೆಗೆ ಒಡೆಯಬೇಕು ಅನ್ನಿಸಿತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ನಾನು. ಆದರೂ ನುಂಗಿದೆ. ಮೊಟ್ಟೆಯನ್ನೂ.

ಅಕ್ಕ ಫೋನು ಮಾಡಿದಳು.

"ಏನೋ, ಪಂದ್ಯದ ಮಧ್ಯೆ ಎದ್ದು ಹೋದ್ಯಲ್ಲ?"

"ಒಂದಕ್ಕೆ ಹೋಗಿದ್ದೆ ಅಕ್ಕ."

"ಅಷ್ಟೂ ತಡ್ಕೊಳೋಕಾಗಲ್ವಾ? ಚಿಕ್ಕೋನಿದ್ದಾಗ್ಲೂ ಹಾಗೇ ನೀನು. ಸ್ಕೂಲಿಂದ ಮನೆ ಮುಟ್ಟೋಷ್ಟರಲ್ಲಿ ನಿನ್ನ ಚಡ್ಡಿ ನೋಡೋ ಹಾಗಿರ್ತಿರ್ಲಿಲ್ಲ. ಟೀವೀಲಿ ತೋರಿಸಿದ್ರು ಕಣೋ, ಖಾಲಿ ಸೀಟು. ನಮ್ಮ ಬೀದಿಯವರೆಲ್ಲ ನಮ್ಮನೇಲೇ ಕೂತು ನೋಡ್ತಿದ್ರು. ನನಗೆ ತಲೆ ಎತ್ತೋಕಾಗ್ಲಿಲ್ಲ."

ಹನ್ನೊಂದು ವರ್ಷ ನಾನು ಆಡದೇ ಇದ್ದಾಗ ಎತ್ತಿದ್ದ ತಲೆ ಒಂದು ಸಲ ಎದ್ದಿದ್ದಕ್ಕೆ ತಗ್ಗಿತ್ತು.

ಪಂದ್ಯದ ಹಿಂದಿನ ದಿನ ಬೆಳಗಿನ ಅಭ್ಯಾಸದಲ್ಲಿ ಏಣಿ ಮೇಲಿಂದ ಬಂದ ಚೆಂಡಿಗೆ ಹಾರಿದ. ಕೈ ಕಂಬಕ್ಕೆ ಬಡಿಯಿತು. ಒಣಕಡ್ಡಿ ಮುರಿದಂಥ ಸದ್ದು ಬಂತು. ಕೈಗವಸು ಬಿಚ್ಚಿದರೆ ಎರಡು ಬೆರಳು ಬೇರೆ ದಿಕ್ಕಿಗೆ ತಿರುಗಿದ್ದವು. ಡಾಕ್ಟರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಅವನು ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು ರೂಮಿಗೆ ಬಂದ. ಮಂಚದ ತುದಿಯಲ್ಲಿ ಕೂತು, ನನ್ನ ಮುಖ ನೋಡಿ, "ಅಣ್ಣ, ನಂಗೆ ಬೇಜಾರಿಲ್ಲ. ನೀನು ಆಡ್ತೀಯಲ್ಲ, ಅಷ್ಟು ಸಾಕು" ಅಂದ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ. ತೊಳೆದುಕೊಂಡಷ್ಟೂ ಮುಖ ನಗುತ್ತಿತ್ತು. ಅವನ ಬೆರಳು ಮುರಿದಿದೆ, ನಾನು ನಗುತ್ತಿದ್ದೇನೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಹೆಂಡತಿಗೆ ಫೋನು ಮಾಡಿದೆ. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮಷಿನ್ನಿನ ಸದ್ದು ಕೇಳಿಸುತ್ತಿತ್ತು.

"ನಾಳೆ ಆಡ್ತೀನಿ ಕಣೇ."

ಮಷಿನ್ನು ನಿಂತಿತು.

"ನಿಜವಾಗ್ಲೂ? ಒಳಗೆ? ಕಂಬದ ಮಧ್ಯೆ?"

"ಏಣಿಗೆ ಕೈ ಮುರೀತು. ಇನ್ನು ಯಾರಿದಾರೆ ನಾನಲ್ದೆ?"

"ಅಯ್ಯೋ ಪಾಪ," ಅಂದಳು. ಆಮೇಲೆ, "ರೀ, ಮಂಡಿಗೆ ಪಟ್ಟಿ ಕಟ್ಕೊಳ್ಳಿ. ಮಗಳಿಗೆ ನಾನು ಈಗ್ಲೇ ಹೇಳಲ್ಲ. ನೀವು ಒಳಗೆ ಬರೋದನ್ನ ಅವಳೇ ನೋಡ್ಲಿ" ಅಂದಳು. ಮಷಿನ್ನು ಮತ್ತೆ ಶುರುವಾಯಿತು. ಅದರ ಸದ್ದಿನ ಮೇಲೇ, "ಐದು ಗೋಲು ಬಿಟ್ರೆ ಮಾತ್ರ ಮನೆಗೆ ಬರ್ಬೇಡಿ" ಅಂದಳು.

ಸಂಜೆ ಬಾಗಿಲು ತಟ್ಟಿ ಭಾವ ಬಂದರು. ಏಣಿಯನ್ನು ಹೊರಗೆ ಕಳಿಸಿದರು. ಕುರ್ಚಿ ಎಳೆದುಕೊಂಡರು, ಕೂರಲಿಲ್ಲ. ಕಿಟಕಿಯ ಹತ್ತಿರ ಹೋದರು, ಬಂದರು.

"ನಾಳೆ ರೇಡಿಯೊ ಆಡ್ತಾನೆ."

ರೇಡಿಯೊ ನಮ್ಮ ಮೂರನೇ ಗೋಲ್‌ಕೀಪರ್. ಬಾಯಿ ಮುಚ್ಚದೆ ಮಾತಾಡುವವನಾದ್ದರಿಂದ ಆ ಹೆಸರು. ತಂಡಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

"ಯಾಕೆ? ನಾನು ಸತ್ತಿದೀನಾ?"

"ನೀನು ಕೂರ್ಬೇಕು ಕಣೋ."

"ಭಾವ, ತಮಾಷೆಗೂ ಒಂದು ಮಿತಿ ಇದೆ."

"ನೀನು ಒಳಗೆ ಹೋದ್ರೆ ಆ ಸೀಟಲ್ಲಿ ಯಾರು ಕೂರ್ತಾರೆ ಹೇಳು?"

"ಏಣಿನ ಕೂರ್ಸಿ! ಕೈ ಮುರಿದಿದೆ, ಕುಂಡಿ ಮುರಿದಿಲ್ಲ."

"ಯೋಚ್ನೆ ಮಾಡ್ದೆ. ಅವನ ಕಾಲು ಉದ್ದ. ಪೆಟ್ಟಿಗೆ ದಾಟಿ ಆಚೆ ಹೋಗತ್ತೆ."

ಭಾವ ತಮಾಷೆ ಮಾಡುತ್ತಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಮನುಷ್ಯ ಇಡೀ ಮಧ್ಯಾಹ್ನ ಏಣಿಯ ಕಾಲಿನ ಉದ್ದದ ಬಗ್ಗೆ ತಲೆ ಕೆಡಿಸಿಕೊಂಡಿದ್ದರು.

"ನನಗೆ ಆಡೋಕೆ ಬರಲ್ಲ ಅಂತ ಹೇಳಿಬಿಡಿ. ಒಪ್ಕೋತೀನಿ. ವಯಸ್ಸಾಯ್ತು, ಮಂಡಿ ಹೋಯ್ತು, ಅದನ್ನಾದ್ರೂ ಹೇಳಿ."

"ಹಾಗೆ ಹೇಳಿದ್ರೆ ನನ್ನ ನಾಲಿಗೆ ಸೇದಿಹೋಗತ್ತೆ. ರೇಡಿಯೊಗಿಂತ ನೀನು ಎಷ್ಟೋ ಮೇಲು. ಆದ್ರೆ ನೀನು ಕೂರೋದು ಅದಕ್ಕಿಂತ್ಲೂ ಮೇಲು ಕಣೋ, ಏನು ಮಾಡ್ಲಿ?"

ನಾನು ಕೈಗೆ ಸಿಕ್ಕ ದಿಂಬು ಎಸೆದೆ. ಅದು ಅವರ ಕಿವಿಯ ಪಕ್ಕದಿಂದ ಹೋಗಿ ದೀಪದ ಮೇಲೆ ಬಿತ್ತು. ಅವರು ಬಗ್ಗಿ ದಿಂಬನ್ನು ಎತ್ತಿ, ಧೂಳು ಕೊಡವಿ, ಮಂಚದ ಮೇಲಿಟ್ಟರು. ಇಷ್ಟು ತಾಳ್ಮೆ ಅವರಿಗೆ ಎಲ್ಲಿತ್ತೋ.

"ನಾಳೆ ಸೋತ್ರೆ ನನ್ನ ತೆಗೀತಾರೆ. ಅಧ್ಯಕ್ಷರು ಬಾಯ್ಬಿಟ್ಟು ಹೇಳಿದಾರೆ. ಆಮೇಲೆ ನಾನು ಮನೇಲಿ ಕೂತ್ಕೊಂಡು ನಿನ್ನಕ್ಕನ ಮುಖ ನೋಡ್ತಿರ್ಬೇಕು. ರೇಡಿಯೊಗೆ ಏನಾದ್ರೂ ಆದ್ರೆ ಒಳಗೆ ಹೋಗೋನು ನೀನೇ. ನಿನ್ನಕ್ಕನ ಆಣೆಗೂ."

"ಗೆದ್ರೆ? ಮುಂದಿನ ಸುತ್ತಲ್ಲಿ ಆಡಿಸ್ತೀರಾ?"

ಭಾವ ದಿಂಬನ್ನು ಮತ್ತೊಂದು ಸಲ ಕೊಡವಿ ನೇರವಾಗಿಟ್ಟರು. ಉತ್ತರ ನನಗೂ ಗೊತ್ತಿತ್ತು. ಕೂತು ಗೆದ್ದರೆ ಮತ್ತೆ ಕೂರಬೇಕು. ಕೂತು ಸೋತರೆ ಊರಿಗೆ ಹೋಗಬೇಕು. ದೇಶ ಮುಂದೆ ಮುಂದೆ ಹೋದಷ್ಟೂ ನಾನು ಆ ಸೀಟಿಗೆ ಅಂಟಿಕೊಳ್ಳುತ್ತಾ ಹೋಗುತ್ತಿದ್ದೆ. ಕಪ್ ಗೆದ್ದುಬಿಟ್ಟರೆ ನನ್ನನ್ನು ಸೀಟಿನ ಸಮೇತ ಕಿತ್ತು ಊರಿಗೆ ಒಯ್ಯುತ್ತಿದ್ದರೋ ಏನೋ.

ಅವರು ಹೋದ ಮೇಲೆ ಅಕ್ಕನ ಫೋನು ಬಂತು. ನನ್ನ ಪರವಾಗಿ ಗಂಡನಿಗೆ ಚೆನ್ನಾಗಿ ಬೈದಳು. ಬುದ್ಧಿ ಇಲ್ಲ ಅಂದಳು, ಕಟ್ಟಿಕೊಂಡಿದ್ದೇ ತಪ್ಪು ಅಂದಳು. ಕೊನೆಗೆ, "ಆದ್ರೂ ಒಂದು ದಿನ ಕೂತ್ಕೊಂಡ್ಬಿಡು ಕಣೋ. ಆ ಮನುಷ್ಯ ಕೆಲಸ ಬಿಟ್ಟು ಮನೇಲಿ ಕೂತ್ರೆ ನನ್ನ ಗತಿ ಏನು? ಬೆಳಗಾಗೆದ್ದು ಅಡಿಗೆಮನೇಲಿ ಎಡಗಾಲು ಬಲಗಾಲು ಅಂತ ಶುರುಮಾಡ್ತಾರೆ" ಅಂದಳು. ಮಾತು ಕೊಟ್ಟೆ. ಅಕ್ಕನಿಗೆ ಇಲ್ಲ ಅಂದು ನನಗೆ ಅಭ್ಯಾಸವಿಲ್ಲ. ಹೆಂಡತಿಗೆ ಫೋನು ಮಾಡಲಿಲ್ಲ.

ಮೂರನೇ ಪಂದ್ಯ. ಫೋಟೊ, ಟವೆಲು, ಪೆಟ್ಟಿಗೆ. ಮಂಡಿ ತಟ್ಟುವವರ ಸಾಲಿನಲ್ಲಿ ಕೊನೆಗೆ ರೇಡಿಯೊ ಬಂದ. ಆ ದಿನ ಅವನ ಬಾಯಿಂದ ಮಾತೇ ಹೊರಟಿರಲಿಲ್ಲ.

"ಅಣ್ಣ, ನೀನೇ ಹೋಗು ಅಣ್ಣ. ನಂಗೆ ಕೈ ನಡುಗ್ತಿದೆ."

"ನಡುಗ್ಲಿ. ಮೊದಲನೇ ಚೆಂಡು ಹಿಡಿಯೋವರೆಗೂ ನಡುಗತ್ತೆ. ಕಂಬ ಬಿಟ್ಟು ಜಾಸ್ತಿ ಮುಂದೆ ಬರ್ಬೇಡ. ಹಿಂದಿನ ಸಾಲಿನೋರಿಗೆ ಕೂಗ್ತಾ ಇರು, ಅದು ನಿನಗೆ ಹೇಳಿಕೊಡೋದು ಬೇಡ."

ಹೋದ. ನಡುಗಿದ. ಮೊದಲನೇ ಚೆಂಡು ಹಿಡಿದ. ಆಮೇಲೆ ಚೆನ್ನಾಗಿಯೇ ಆಡಿದ. ಸುಳ್ಳು ಹೇಳಬಾರದು, ಅವನು ಒಂದೊಂದು ಸಲ ಚೆಂಡು ಹಿಡಿದಾಗಲೂ ನನಗೆ ಖುಷಿಯೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಗಂಟಲು ಒಣಗಿ ಹಂಚಾಗಿತ್ತು. ಕಾಲ ಕೆಳಗೆ ಪೆಟ್ಟಿಗೆ ತುಂಬ ನೀರಿನ ಬಾಟಲಿ.

ಎರಡೂ ಕಡೆ ಗೋಲಿಲ್ಲದೆ ಆಟ ಕೊನೆಗೆ ಬಂತು. ಸಮ ಆದರೆ ನಾವು ಮನೆಗೆ. ಎದುರಾಳಿಗಳು ಮೂಲೆಯಿಂದ ಚೆಂಡು ಎತ್ತಿ ಹೊಡೆದರು. ರೇಡಿಯೊ ಗುಂಪಿನ ಮಧ್ಯೆ ಹಾರಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದ. ಇಳಿಯುವಾಗ ಯಾರದೋ ಕಾಲಿನ ಮೇಲೆ ಇಳಿದ. ಪಾದ ಹೊರಳಿತು. ಚೆಂಡನ್ನು ನಮ್ಮ ನಾಯಕನ ಕಡೆ ಉರುಳಿಸಿ, ಒಂದು ಕಾಲಲ್ಲಿ ಕುಂಟುತ್ತಾ ಕಂಬ ಹಿಡಿದುಕೊಂಡ. ಬೆಂಚಿನ ಕಡೆ ತಿರುಗಿ ಕೈಯಾಡಿಸಿದ. ಆಗಲ್ಲ.

ಭಾವ ಬೆಂಚಿನ ಈ ತುದಿಯಿಂದ ಆ ತುದಿಗೆ ನೋಡಿದರು. ಇನ್ನೊಬ್ಬ ಗೋಲ್‌ಕೀಪರ್ ಎಲ್ಲಿಂದಾದರೂ ಮೊಳೆಯುತ್ತಾನೋ ಅಂತ ನೋಡಿದ ಹಾಗಿತ್ತು. ಮೊಳೆಯಲಿಲ್ಲ.

"ಏಳು," ಅಂದರು.

ಎದ್ದೆ. ಜಾಕೆಟ್ಟು ಬಿಚ್ಚಿದೆ. ಏಣಿ ಒಂದೇ ಕೈಯಲ್ಲಿ ನನ್ನ ಕೈಗವಸಿನ ಪಟ್ಟಿ ಎಳೆದು ಕಟ್ಟಿದ, "ಅಣ್ಣ, ಅಣ್ಣ" ಅನ್ನುವುದು ಬಿಟ್ಟು ಬೇರೇನೂ ಅವನ ಬಾಯಿಗೆ ಬರಲಿಲ್ಲ. ಗೆರೆಯ ಹತ್ತಿರ ಓಡಿದೆ. ಅಲ್ಲಿದ್ದ ಅಧಿಕಾರಿ ನನ್ನ ಬೂಟಿನ ತಳ ನೋಡಿದ, ಅಂಗಿಯ ನಂಬರು ನೋಡಿದ, ದೀಪದ ಫಲಕವನ್ನು ಎತ್ತಿ ಹಿಡಿದ. ಹಸಿರಿನಲ್ಲಿ ನನ್ನ ನಂಬರು. ಎಷ್ಟೋ ಬೇರೆ ನಂಬರುಗಳನ್ನು ಹಾಗೆ ನೋಡಿದ್ದೆ, ನನ್ನದನ್ನು ನೋಡಿದ್ದು ಅದೇ ಮೊದಲು. ಚೆಂಡು ಹೊರಗೆ ಹೋಗಬೇಕು, ಆಟ ನಿಲ್ಲಬೇಕು, ನಾನು ಒಳಗೆ ಹೋಗಬೇಕು. ಅಷ್ಟೇ ಬಾಕಿ. ಮಗಳು ಈಗ ನೋಡುತ್ತಿರುತ್ತಾಳೆ ಅಂದುಕೊಂಡೆ. ಮಂಡಿಯ ನೋವು ಎಲ್ಲಿ ಹೋಗಿತ್ತೋ.

ಚೆಂಡು ಹೊರಗೆ ಹೋಗಲಿಲ್ಲ. ಅಷ್ಟು ಹೊತ್ತು ನಮ್ಮ ಹಿಂದಿನ ಸಾಲಿನಲ್ಲೇ ತಿರುಗುತ್ತಿದ್ದ ಅದನ್ನು ನಾಯಕ ಉದ್ದಕ್ಕೆ ಒದ್ದ. ಎದುರಾಳಿಗಳೆಲ್ಲ ನಮ್ಮ ಅರ್ಧಕ್ಕೆ ಬಂದು ನಿಂತಿದ್ದರು. ನಮ್ಮ ಮುಂದಿನ ಸಾಲಿನವನು ಒಬ್ಬನೇ ಓಡಿದ, ಈ ಸಲ ಎಡವಲಿಲ್ಲ. ಗೋಲು.

ಬೆಂಚಿಗೆ ಬೆಂಚೇ ಎದ್ದು ನನ್ನ ಮೇಲೆ ಬಿತ್ತು. ನಾನೂ ಕಿರುಚಿದೆ. ಗದ್ದಲ ಸ್ವಲ್ಪ ಇಳಿದಾಗ ಅಧಿಕಾರಿ ನನ್ನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಹೋಗು ಅಂತ ಸನ್ನೆ ಮಾಡಿದ. ಕಾಲೆತ್ತಿದೆ. ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದರು.

ಭಾವ.

"ಬೇಡ. ಹೋಗ್ಬೇಡ. ಹಾಗೇ ನಿಂತಿರು."

"ಏನು?"

"ನೀನು ಇಲ್ಲಿ ಬಂದು ನಿಂತೆ, ಗೋಲಾಯ್ತು. ಇಲ್ಲೇ ನಿಂತಿರು. ಯಾವ ಕಾಲು ಮುಂದಿತ್ತು? ಎಡಗಾಲಲ್ವಾ?"

"ಭಾವ, ರೇಡಿಯೊಗೆ ನಿಲ್ಲೋಕಾಗ್ತಿಲ್ಲ."

"ಕಂಬ ಹಿಡ್ಕೊಂಡು ನಿಲ್ತಾನೆ. ಇನ್ನು ಎಷ್ಟು ಹೊತ್ತಿದೆ!" ಭಾವ ಅಧಿಕಾರಿಯ ಕಡೆ ತಿರುಗಿ ಎರಡೂ ಕೈ ಅಡ್ಡಡ್ಡ ಆಡಿಸಿದರು. ಬೇಡ, ಬದಲಾವಣೆ ಬೇಡ. ಅಧಿಕಾರಿಗೆ ಅರ್ಥವಾಗಲಿಲ್ಲ. ನನ್ನನ್ನು ನೋಡಿದ, ಕುಂಟುತ್ತಿದ್ದ ರೇಡಿಯೊನನ್ನು ನೋಡಿದ, ಭಾವನನ್ನು ನೋಡಿದ. ಭುಜ ಕುಣಿಸಿ ಫಲಕ ಇಳಿಸಿದ. ನನ್ನ ನಂಬರು ಆರಿತು.

"ನಿಮ್ಮ ಹೆಂಡತಿ ಮೇಲೆ ಆಣೆ ಮಾಡಿದ್ರಿ."

"ಮಾಡ್ದೆ ಕಣೋ. ಆಗ ಕೂರೋ ವಿಷಯ ಇತ್ತು. ಈಗ ನಿಲ್ಲೋ ವಿಷಯ. ಮುಂದಿನ ಪಂದ್ಯದಿಂದ ನಿನ್ನ ಕೂರ್ಸೋದೇ ಇಲ್ಲ, ಸರೀನಾ? ಶುರುವಿಂದ್ಲೇ ಕೈಗವಸು ಹಾಕ್ಕೊಂಡು ಇಲ್ಲೇ ನಿಂತ್ಕೋ." ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ನನಗೆ ಬಡ್ತಿ ಕೊಟ್ಟೆ ಅಂತಲೇ ಅವರು ನಂಬಿದ್ದರು.

ಬೆಂಚಿನ ಕಡೆ ನೋಡಿದೆ. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಡಾಕ್ಟರು, ಮೈ ತಿಕ್ಕುವವನು, ಬದಲಿ ಆಟಗಾರರು, ಎಲ್ಲರೂ ನನ್ನ ಎಡಗಾಲನ್ನು ನೋಡುತ್ತಿದ್ದರು. ಏಣಿ ಒಬ್ಬ ಮಾತ್ರ ತಲೆ ತಗ್ಗಿಸಿ ತನ್ನ ಪಟ್ಟಿ ಕಟ್ಟಿದ ಕೈ ನೋಡಿಕೊಳ್ಳುತ್ತಿದ್ದ.

ಕೈಗವಸು ಬಿಚ್ಚಿದೆ. ಒಂದೊಂದೇ ಬೆರಳು ಬಿಡಿಸಿಕೊಂಡೆ, ಅವಸರವಿರಲಿಲ್ಲ. ಎರಡನ್ನೂ ಭಾವನ ಎದೆಗೆ ಒತ್ತಿ ಹಿಡಿದೆ. ಅವರು ತಿಳಿಯದೆ ತೆಗೆದುಕೊಂಡರು.

"ಇದೇನು? ಎಲ್ಲಿಗೆ? ಲೋ, ಗೆರೆ ಬಿಟ್ಟು ಹೋಗ್ಬೇಡ್ವೋ! ಆಟ ಶುರುವಾಗ್ತಿದೆ!"

ನಾನು ನಡೆದೆ.

"ಲೋ! ನಿನ್ನಕ್ಕನಿಗೆ ಹೇಳ್ತೀನಿ ನೋಡು!"

ಆಟಗಾರರು ಬರುವ ಹೋಗುವ ಓಣಿಯೊಳಗೆ ಬಂದೆ. ಬೂಟಿನ ಮೊಳೆಗಳು ಸಿಮೆಂಟಿನ ಮೇಲೆ ಟಕಟಕ ಸದ್ದು ಮಾಡುತ್ತಿದ್ದವು. ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಇರಲಿಲ್ಲ. ಬೂಟು ಕಳಚಿ ಚಪ್ಪಲಿ ಮೆಟ್ಟಿದೆ. ಅಂಗಿ ಬಿಚ್ಚಿ ಕೊಕ್ಕೆಗೆ ತಗುಲಿಹಾಕಿದೆ. ಅದರಲ್ಲಿ ಒಂದು ಬೆವರ ಹನಿಯೂ ಇರಲಿಲ್ಲ, ಒಗೆಯುವ ಕೆಲಸವೂ ಇಲ್ಲ. ನನ್ನ ಸ್ವಂತ ಅಂಗಿ ತೊಟ್ಟು ಚೀಲ ಹೆಗಲಿಗೇರಿಸಿಕೊಂಡೆ.

ಹೊರಗಿನ ಗೇಟಿನಲ್ಲಿ ಕಾವಲಿನವನು ಸಣ್ಣ ಪರದೆಯಲ್ಲಿ ಪಂದ್ಯ ನೋಡುತ್ತಿದ್ದ. ನನ್ನನ್ನು ತಡೆದು, ಗೇಟು ತೋರಿಸಿ, ಬೆರಳಾಡಿಸಿದ. ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ ಅಂತ. ತಲೆಯಾಡಿಸಿದೆ. ಅವನಿಗೆ ನಂಬಿಕೆಯಾಗಲಿಲ್ಲ. ಮತ್ತೊಂದು ಸಲ ನಿಧಾನವಾಗಿ, ಮಕ್ಕಳಿಗೆ ತೋರಿಸುವ ಹಾಗೆ ಸನ್ನೆ ಮಾಡಿ ತೋರಿಸಿದ. ನಾನೂ ನಿಧಾನವಾಗಿ ತಲೆಯಾಡಿಸಿದೆ. ಅವನು ಅಗುಳಿ ತೆಗೆದ.

ರಸ್ತೆ ಖಾಲಿಯಿತ್ತು. ಅಂಗಡಿಯವರೆಲ್ಲ ಒಳಗೆಲ್ಲೋ ಟೀವಿಯ ಮುಂದೆ ಇದ್ದರು. ದಾಟುವಾಗ ಹಿಂದೆ ಇಡೀ ಕ್ರೀಡಾಂಗಣ ಭೋರೆಂದು ಕೂಗಿತು. ಗೋಲು ನಮ್ಮ ಮೇಲೆ ಬಿದ್ದದ್ದಕ್ಕೋ, ರೇಡಿಯೊ ಒಂಟಿ ಕಾಲಲ್ಲಿ ಹಿಡಿದದ್ದಕ್ಕೋ, ತಿಳಿಯಲಿಲ್ಲ. ಎದುರಿನ ತಿರುವಿನಲ್ಲಿ ಒಂದು ಬಸ್ಸು ಹೊರಡುವುದರಲ್ಲಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ನೋಡದೆ ಹತ್ತಿದೆ.